ಬಾಲ್ರಾಗಿಗೆ ರೆಕ್ಕೆ ಇತ್ತೆ?

ಕಳೆದ ವರ್ಷ ಆಷಾಢದ ಒಂದು ಭಾನುವಾರ. ಹೊರಗೆ ಮುಂಬಯಿಯ ಮಳೆ ಒಂದೇ ಸಮನೆ ಹುಯ್ಯುತ್ತಿತ್ತು. ನಾವಿರುವ ಆಂಟಾಪ್ ಹಿಲ್ಲಿನ ಸರಕಾರಿ ಕ್ವಾರ್ಟರ್ಸಿನಲ್ಲಿ ಮಳೆಗಾಲ ಬಂತೆಂದರೆ ಮಹಡಿಯ ಮೆಟ್ಟಿಲುಗಳೇ ಮಕ್ಕಳಿಗೆ ಆಟದ ಬಯಲು. ಊಟ ಮುಗಿಸಿ, ಪತ್ರಿಕೆಯನ್ನು ಮುಖಕ್ಕೆ ಮರೆಮಾಡಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದ್ದೆವು. ಅಷ್ಟರಲ್ಲೇ ಮೆಟ್ಟಿಲ ಮೇಲೆ ಗದ್ದಲವೆದ್ದಿತು. ಧಾರವಾಡದ ಕಡೆಯವರಾದ ನಮ್ಮ ಮನೆಯವರು ಅಡಿಗೆಮನೆಯಿಂದಲೇ, “ಹುಡುಗರು ಜಗಳಾಡಾಕ ಹತ್ಯಾವ, ಸ್ವಲ್ಪ ಎದ್ದು ನೋಡ್ರಿ” ಎಂದರು. ಕ್ರಿಕೆಟ್ ಚೆಂಡು ಯಾರದೋ ಕಿಟಕಿಯ ಗಾಜನ್ನು ಒಡೆದಿರಬೇಕೆಂದು ಭಾವಿಸಿ, ತೆರಬೇಕಾದ ದಂಡದ ಲೆಕ್ಕವನ್ನು ಮನಸ್ಸಿನಲ್ಲೇ ಹಾಕುತ್ತ ಹೊರಗೆ ಬಂದೆವು.

ಮೆಟ್ಟಿಲ ಮೇಲೆ ಐದು ಮಕ್ಕಳು ಎರಡು ಪಕ್ಷವಾಗಿ ನಿಂತಿದ್ದರು. ಮೇಲಿನ ಮಹಡಿಯ ಮರಾಠಿ ಹುಡುಗ ಮತ್ತು ತಮಿಳರ ಮನೆಯ ಅಣ್ಣ ತಮ್ಮಂದಿರು ಒಂದು ಕಡೆ. ಎದುರು ಮನೆಯ ಬಂಗಾಲಿ ಹುಡುಗಿ ಮತ್ತು ನಮ್ಮ ಹನ್ನೆರಡು ವರ್ಷದ ಮಗಳು ಇನ್ನೊಂದು ಕಡೆ. “ಇತ್ತು!” ಎಂದು ಒಂದು ಪಕ್ಷ, “ಇರಲಿಲ್ಲ!” ಎಂದು ಇನ್ನೊಂದು. ಯಾರಿಗೆ ಏನು ಇರಲಿಲ್ಲವೆಂದು ವಿಚಾರಿಸಿದೆವು. “ಬಾಲ್ರಾಗಿಗೆ ರೆಕ್ಕೆ!” ಎಂದು ಐವರೂ ಒಟ್ಟಿಗೆ ಕೂಗಿದರು. ಬಾಲ್ರಾಗ್ ಎಂದರೆ ಯಾವ ಪಕ್ಷಿಯೋ ನಮಗೆ ತಿಳಿಯದು. ನಮ್ಮ ಮುಖ ನೋಡಿದ ಮಗಳು ತನ್ನ ಗೆಳೆಯರ ಕಡೆ ತಿರುಗಿ ಇಂಗ್ಲಿಷಿನಲ್ಲಿ, “ಅಪ್ಪನನ್ನು ಕೇಳಿ ಪ್ರಯೋಜನವಿಲ್ಲ, ಬಿಡಿ” ಎಂದಳು.

ಗಾಜು ಒಡೆದಿದ್ದರೆ ದಂಡ ಕೊಟ್ಟು ಮರೆಯಬಹುದಿತ್ತು. ಈ ಮಾತನ್ನು ಮರೆಯಲಾಗಲಿಲ್ಲ. ಏಕೆಂದರೆ ಆ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ನಾವು ಕನ್ನಡದಲ್ಲಿ ಕೇಳುವುದು, ಮಗಳು ಹಿಂದಿಯಲ್ಲಿ ಒಂದು ಮಾತು, ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ಎದ್ದುಹೋಗುವುದು. “ಶಾಲೆ ಹೇಗಿತ್ತಮ್ಮ?” ಎಂದರೆ “ಠೀಕ್ ಥಾ.” ಅಷ್ಟಕ್ಕೆ ಸಂಭಾಷಣೆ ಮುಗಿಯಿತು. ಅಂಥ ಹುಡುಗಿ ಮೆಟ್ಟಿಲ ಮೇಲೆ ನಿಂತು ಯಾವುದೋ ಕಥೆಯ ಭೂತದ ರೆಕ್ಕೆಗಾಗಿ ಮುಕ್ಕಾಲು ಗಂಟೆ ವಾದಿಸಬಲ್ಲಳೆಂದ ಮೇಲೆ, ಆ ಕಥೆ ಎಂಥದೆಂದು ನೋಡಲೇಬೇಕೆನಿಸಿತು. ಮರುದಿನವೇ ಅವಳ ಪುಸ್ತಕವನ್ನು ಊಟದ ಡಬ್ಬಿಯ ಜೊತೆ ಚೀಲಕ್ಕೆ ಸೇರಿಸಿ, ವಡಾಲಾದಲ್ಲಿ ಗಾಡಿ ಹತ್ತಿದೆವು. ಸಾವಿರ ಪುಟಕ್ಕೂ ಮಿಕ್ಕಿದ ಆ ಪುಸ್ತಕ ಮುಗಿಯುವ ಹೊತ್ತಿಗೆ ದೀಪಾವಳಿ ಬಂದಿತ್ತು. ಆ ನಾಲ್ಕು ತಿಂಗಳಲ್ಲಿ ನಾವು ತಿಳಿದುಕೊಂಡದ್ದನ್ನು, ನಮ್ಮಂತೆಯೇ ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ವಾಚಕರ ಮುಂದೆ ಇಡಬೇಕೆಂದು ಈ ಲೇಖನ.

ಕಥೆಯೂ ಕಥೆಗಾರರೂ

ಪುಸ್ತಕದ ಹೆಸರು ‘ದಿ ಲಾರ್ಡ್ ಆಫ್ ದ ರಿಂಗ್ಸ್’. ಬರೆದವರು ಜೆ. ಆರ್. ಆರ್. ಟೋಲ್ಕೀನ್. ೧೮೯೨ರಲ್ಲಿ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನಿನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಬೆಳೆದು, ೧೯೨೫ರಿಂದ ೧೯೫೯ರವರೆಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರರಾಗಿದ್ದವರು. ಹಳೆಯ ಇಂಗ್ಲಿಷ್ ಅವರ ವಿಷಯ. ೧೯೩೭ರಲ್ಲಿ ಮಕ್ಕಳಿಗೆಂದು ‘ದಿ ಹಾಬಿಟ್’ ಎಂಬ ಕಥೆಯನ್ನು ಪ್ರಕಟಿಸಿದರು. ಮುಂದಿನ ಭಾಗ ಬೇಕೆಂದು ಪ್ರಕಾಶಕರು ಕೇಳಿದ್ದಕ್ಕೆ ಬರೆಯತೊಡಗಿದ್ದು ಬೆಳೆದು ಬೆಳೆದು ಮೂರು ಸಂಪುಟವಾಗಿ ೧೯೫೪ ಮತ್ತು ೧೯೫೫ರಲ್ಲಿ ಹೊರಬಂತು.

ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುವುದಾದರೆ ಹೀಗೆ. ಮಿಡ್ಲ್ ಅರ್ಥ್ ಎಂಬುದೊಂದು ಪುರಾತನ ಕಾಲದ ಜಗತ್ತು. ಅಲ್ಲಿ ಮನುಷ್ಯರಲ್ಲದೆ, ಮುಪ್ಪು ಸಾವುಗಳಿಲ್ಲದ ಎಲ್ಫರು, ಗಣಿ ತೋಡುವ ಕುಳ್ಳರು, ಮರಗಳಂತೆಯೇ ಕಾಣುವ ಎಂಟರು, ಕ್ರೂರಿಗಳಾದ ಓರ್ಕರು, ಇವರೆಲ್ಲರಿಗಿಂತ ಸಾಮಾನ್ಯರಾದ, ಊಟ ತೋಟಗಳಲ್ಲಿ ತೃಪ್ತಿ ಕಾಣುವ, ಮೂರಡಿ ಎತ್ತರದ ಹಾಬಿಟರು ಇದ್ದಾರೆ. ಸೌರಾನ್ ಎಂಬ ದುಷ್ಟನು ತನ್ನ ಶಕ್ತಿಯನ್ನೆಲ್ಲ ಎರೆದು ಮಾಡಿಕೊಂಡ ಉಂಗುರವೊಂದು ಫ್ರೋಡೊ ಎಂಬ ಹಾಬಿಟನ ಕೈಗೆ ಬರುತ್ತದೆ. ಅದನ್ನು ಶತ್ರುವಿನ ನಾಡಿಗೇ ಒಯ್ದು, ಅದು ಹುಟ್ಟಿದ ಅಗ್ನಿಪರ್ವತದಲ್ಲೇ ಹಾಕಬೇಕು; ಬೇರೆ ದಾರಿಯಿಲ್ಲ. ಮಾಲಿ ಸ್ಯಾಮನ ಜೊತೆ ಫ್ರೋಡೊ ಮಾಡಿದ ಪ್ರಯಾಣವೇ ಕಥೆ. ನಡುದಾರಿಯಲ್ಲಿ ಮೋರಿಯಾ ಎಂಬ ಪಾಳುಬಿದ್ದ ಗಣಿನಗರದೊಳಗೆ ಬೆಂಕಿ ಕತ್ತಲೆಗಳಿಂದಾದ ಒಂದು ಭೂತ ಎದುರಾಗುತ್ತದೆ. ಅದೇ ಬಾಲ್ರಾಗ್. ಕಿರುಸೇತುವೆಯ ಮೇಲೆ ಅದನ್ನು ತಡೆದು ನಿಂತ ಗ್ಯಾಂಡಾಲ್ಫ್ ಎಂಬ ಮಾಂತ್ರಿಕ ಅದರೊಡನೆ ಪಾತಾಳಕ್ಕೆ ಬೀಳುತ್ತಾನೆ.

ರೆಕ್ಕೆಯ ತಕರಾರು

ಇನ್ನು ಮಕ್ಕಳ ವ್ಯಾಜ್ಯಕ್ಕೆ ಬರೋಣ. ಆ ಅಧ್ಯಾಯದಲ್ಲಿ ಬಾಲ್ರಾಗನ್ನು ವರ್ಣಿಸುವಾಗ, ಅದರ ಸುತ್ತಲಿನ ನೆರಳು ಎರಡು ಮಹಾ ರೆಕ್ಕೆಗಳ ಹಾಗೆ ಚಾಚಿತೆಂದು ಒಂದು ಕಡೆ ಬರುತ್ತದೆ. ಅಲ್ಲಿಂದ ಸ್ವಲ್ಪವೇ ಮುಂದೆ, ಅದರ ರೆಕ್ಕೆಗಳು ಗೋಡೆಯಿಂದ ಗೋಡೆಗೆ ಹರಡಿದವೆಂದು ಬರುತ್ತದೆ. ಮೊದಲನೆಯದರಲ್ಲಿ ‘ಹಾಗೆ’ ಇದೆ, ಎರಡನೆಯದರಲ್ಲಿ ಇಲ್ಲ. ‘ಹಾಗೆ’ ಎಂದ ಮೇಲೆ ಅದು ಉಪಮೆ. ಮುಂದಿನ ವಾಕ್ಯ ಅದೇ ಉಪಮೆಯ ಮುಂದುವರಿಕೆ. ಆದ್ದರಿಂದ ರೆಕ್ಕೆ ಇಲ್ಲ ಎಂದು ನಮ್ಮ ಮಗಳ ಪಕ್ಷ. ಎರಡನೆಯ ವಾಕ್ಯ ಸ್ಪಷ್ಟವಾಗಿರುವಾಗ ಉಪಮೆಯ ಮಾತೇಕೆ, ರೆಕ್ಕೆ ಇದ್ದೇ ಇತ್ತು ಎಂದು ಮರಾಠಿ ಹುಡುಗನ ಪಕ್ಷ. “ರೆಕ್ಕೆ ಇದ್ದರೆ ಸೇತುವೆ ಮುರಿದಾಗ ಹಾರಬಹುದಿತ್ತಲ್ಲ, ಏಕೆ ಬಿತ್ತು?” ಎಂದು ಬಂಗಾಲಿ ಹುಡುಗಿ. “ಕೋಳಿಗೂ ರೆಕ್ಕೆ ಇದೆ, ಮಹಡಿಯಿಂದ ಹಾರಿಸಿ ನೋಡು!” ಎಂದು ತಮಿಳು ಹುಡುಗರಲ್ಲಿ ಚಿಕ್ಕವನು.

ವಾಚಕರಿಗೆ ನಗು ಬರಬಹುದು. ನಮಗೆ ಮಾತ್ರ ಬರಲಿಲ್ಲ. ಹದಿನಾಲ್ಕು ವರ್ಷದಿಂದ ಸರಕಾರಿ ಕಛೇರಿಯಲ್ಲಿ ಕುಳಿತು ಸುತ್ತೋಲೆಗಳನ್ನು ಓದಿದವರಿಗೆ ಒಂದು ಶಬ್ದದ ಬೆಲೆ ಗೊತ್ತಿರುತ್ತದೆ. ‘ಕೊಡಬಹುದು’ ಎಂದಿದೆಯೋ ‘ಕೊಡತಕ್ಕದ್ದು’ ಎಂದಿದೆಯೋ ಎಂಬುದರ ಮೇಲೆ ಒಬ್ಬ ಬಡ ಜವಾನನ ಭತ್ಯ ನಿಂತಿರುತ್ತದೆ. ಅದಕ್ಕಾಗಿ ಒಂದು ಫೈಲು ಮೂರು ಮೇಜು ಸುತ್ತಿ ಬರುತ್ತದೆ. ಈ ಮಕ್ಕಳು ಮಾಡುತ್ತಿದ್ದುದೂ ಅದೇ. ಎಷ್ಟು ಜೋರಾಗಿ ಕೂಗಿದರೆಂಬುದು ಅವರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪುಸ್ತಕ ತೆರೆದು ಪುಟ ತೋರಿಸಬೇಕು. ೨೦೦೧ರಲ್ಲಿ ಬಂದ ಪೀಟರ್ ಜಾಕ್ಸನ್ನರ ಚಲಚ್ಚಿತ್ರದಲ್ಲಿ ಬಾಲ್ರಾಗಿಗೆ ದೊಡ್ಡ ರೆಕ್ಕೆಗಳನ್ನೇ ಕೊಟ್ಟಿದ್ದಾರೆ. ಅದನ್ನು ಸಾಕ್ಷಿಯಾಗಿ ತಂದ ಹುಡುಗನಿಗೆ ಐವರ ಪಂಚಾಯಿತಿ ಒಮ್ಮತದಿಂದ ಹೇಳಿತು: ಸಿನೆಮ ಪ್ರಮಾಣವಲ್ಲ, ಗ್ರಂಥವೇ ಪ್ರಮಾಣ. ಮೀಮಾಂಸೆ ಓದಿದ ನಮ್ಮ ಸೋದರಮಾವ ಕೇಳಿದ್ದರೆ ತಲೆದೂಗುತ್ತಿದ್ದರು.

ಇನ್ನೊಂದು ಪ್ರಸಿದ್ಧ ಪ್ರಶ್ನೆ ಹದ್ದುಗಳದು. ಕಥೆಯಲ್ಲಿ ಮನುಷ್ಯರನ್ನು ಹೊತ್ತು ಹಾರಬಲ್ಲ ಮಹಾಗೃಧ್ರಗಳಿವೆ. ಉಂಗುರ ನಾಶವಾದ ಮೇಲೆ ಫ್ರೋಡೊ ಮತ್ತು ಸ್ಯಾಮರನ್ನು ಅಗ್ನಿಪರ್ವತದಿಂದ ಎತ್ತಿ ತಂದವು ಅವೇ. ಹಾಗಾದರೆ ಮೊದಲೇ ಹದ್ದಿನ ಬೆನ್ನೇರಿ ಹೋಗಿ ಉಂಗುರವನ್ನು ಹಾಕಿ ಬರಬಹುದಿತ್ತಲ್ಲ. ಇಷ್ಟು ದೂರ ನಡೆದದ್ದೇಕೆ? ಪುಸ್ತಕ ಮುಗಿಸಿದ ಹೊಸಬರೆಲ್ಲ ಕೇಳುವ ಪ್ರಶ್ನೆಯಿದು, ನಾವೂ ಕೇಳಿದೆವು. ಮಗಳು ಮೊದಲ ಸಲ ನಮ್ಮೆದುರು ಕುರ್ಚಿ ಎಳೆದುಕೊಂಡು ಕುಳಿತಳು. ಹದ್ದುಗಳು ಯಾರ ಸೇವಕರೂ ಅಲ್ಲ; ಗ್ಯಾಂಡಾಲ್ಫನನ್ನು ಸೆರೆಯಿಂದ ಬಿಡಿಸಿದ ಹದ್ದು ಕೂಡ, ತಾನು ಸುದ್ದಿ ಒಯ್ಯಲು ಬಂದವನೇ ಹೊರತು ಹೊರೆ ಹೊರಲು ಅಲ್ಲವೆಂದೇ ಹೇಳಿತ್ತು; ಮೇಲಾಗಿ ಶತ್ರುವಿನ ಕಣ್ಣು ಆಕಾಶದ ಮೇಲೂ ಇತ್ತು ಎಂದು ಒಂದೊಂದಾಗಿ ಬೆರಳು ಮಡಿಸಿ ಹೇಳಿದಳು. ಟೋಲ್ಕೀನರೇ ಈ ಹದ್ದುಗಳ ವಿಷಯದಲ್ಲಿ ಎಚ್ಚರದಿಂದಿದ್ದರು. ೧೯೫೮ರಲ್ಲಿ ಚಲಚ್ಚಿತ್ರಕ್ಕೆಂದು ಒಬ್ಬರು ಬರೆದು ಕಳಿಸಿದ ಕಥಾರೂಪದಲ್ಲಿ ಹದ್ದುಗಳನ್ನು ಬೇಕಾದಲ್ಲೆಲ್ಲ ಹಾರಿಸಿದ್ದನ್ನು ಕಂಡು, ಅವು ಕಥೆಗೆ ಅಪಾಯಕಾರಿಯಾದ ಸಾಧನ, ತಾವು ಬಹಳ ಮಿತವಾಗಿ ಬಳಸಿರುವುದೇ ಅದರ ಕೊನೆಯ ಎಲ್ಲೆ ಎಂಬ ಅರ್ಥದಲ್ಲಿ ಉತ್ತರ ಬರೆದರು. ಕಷ್ಟವನ್ನು ಸುಲಭವಾಗಿ ತಪ್ಪಿಸಿಬಿಟ್ಟರೆ ಕಥೆಯೇ ಉಳಿಯದೆಂದು ಅವರಿಗೆ ತಿಳಿದಿತ್ತು.

ಕೇಳಿದವರಿಗೆ ಕಾಗದ ಬರೆದ ಪ್ರೊಫೆಸರು

ಇಂಥ ಜಿಜ್ಞಾಸೆ ನಮ್ಮ ಮೆಟ್ಟಿಲ ಮೇಲೆ ಹುಟ್ಟಿದ್ದಲ್ಲ. ಪುಸ್ತಕ ಹೊರಬಂದ ದಿನದಿಂದಲೇ ಓದುಗರು ಟೋಲ್ಕೀನರಿಗೆ ಪ್ರಶ್ನೆ ಬರೆದು ಕಳಿಸತೊಡಗಿದ್ದರು. ಅವರ ಕಾಗದಗಳ ಆಯ್ದ ಸಂಗ್ರಹ ೧೯೮೧ರಲ್ಲಿ ಪ್ರಕಟವಾಯಿತು. ೨೦೨೩ರಲ್ಲಿ ಇನ್ನಷ್ಟು ಸೇರಿ ಮತ್ತೆ ಬಂದಿದೆ. ಉಂಗುರದ ಕಥೆಗಿಂತಲೂ ಈ ಕಾಗದಗಳು ನಮಗೆ ಹೆಚ್ಚು ಹಿಡಿಸಿದವೆಂದರೆ ಮಗಳಿಗೆ ಕೋಪ ಬರುತ್ತದೆ, ಆದರೂ ನಿಜ.

೧೯೫೮ರಲ್ಲಿ ಒಬ್ಬ ಓದುಗ ಮಹಿಳೆ ತಮ್ಮಂಥ ಅಭಿಮಾನಿಗಳ ಕೂಟದಲ್ಲಿ ಹೇಳಲಿಕ್ಕೆಂದು ಪ್ರಶ್ನೆಗಳ ಪಟ್ಟಿಯನ್ನೇ ಕಳಿಸಿದರು. ಅದರಲ್ಲೊಂದು ಹೀಗೆ: ಎಲ್ಫರು ಜೀನು ಲಗಾಮುಗಳಿಲ್ಲದೆ ಕುದುರೆ ಸವಾರಿ ಮಾಡುವವರಲ್ಲವೆ, ಹಾಗಿದ್ದರೆ ಗ್ಲೋರ್ಫಿಂಡೆಲ್ ಎಂಬ ಎಲ್ಫನ ಕುದುರೆಗೆ ಲಗಾಮು ಎಲ್ಲಿಂದ ಬಂತು? ಪ್ರೊಫೆಸರು ಬೇಕಿದ್ದರೆ ಏನಾದರೊಂದು ಸಮಜಾಯಿಷಿ ಹೇಳಿ ಜಾರಿಕೊಳ್ಳಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಅಜಾಗರೂಕತೆಯಿಂದ ಆ ಶಬ್ದ ಬಿದ್ದಿದೆ, ಕುದುರೆಯ ತಲೆಗೆ ಅಲಂಕಾರಕ್ಕೆ ತೊಡಿಸುವ ಪಟ್ಟಿಯೆಂದಿರಬೇಕಾಗಿತ್ತು ಎಂದು ಒಪ್ಪಿಕೊಂಡರು. ಮುಂದೆ ೧೯೬೦ರ ದಶಕದ ಪರಿಷ್ಕೃತ ಆವೃತ್ತಿಯಲ್ಲಿ ಆ ಶಬ್ದವನ್ನು ತಿದ್ದಿದರು. ಒಬ್ಬ ಓದುಗಳ ಸಂದೇಹದಿಂದ ಗ್ರಂಥವೇ ತಿದ್ದುಪಡಿಯಾಯಿತು! ನಮ್ಮ ಇಲಾಖೆಯಲ್ಲಿ ಇಷ್ಟು ಸುಲಭವಾಗಿ ತಿದ್ದುಪಡಿ ಆದದ್ದನ್ನು ನಾವು ಕಂಡಿಲ್ಲ.

ಇದಕ್ಕಿಂತ ದೊಡ್ಡ ತಿದ್ದುಪಡಿಯೊಂದು ಮೊದಲೇ ಆಗಿತ್ತು. ೧೯೩೭ರ ‘ಹಾಬಿಟ್’ ಕಥೆಯಲ್ಲಿ ಬಿಲ್ಬೊ ಎಂಬವನು ಗಾಲಮ್ ಎಂಬ ಪ್ರಾಣಿಯೊಡನೆ ಒಗಟಿನ ಪಂದ್ಯವಾಡುತ್ತಾನೆ. ಸೋತರೆ ಉಂಗುರವನ್ನು ಬಹುಮಾನವಾಗಿ ಕೊಡಲು ಗಾಲಮ್ ತಾನಾಗಿ ಒಪ್ಪಿರುತ್ತಾನೆ. ಆದರೆ ಮುಂದಿನ ಕಥೆಯಲ್ಲಿ ಉಂಗುರವು ಹಿಡಿದವನನ್ನು ಬಿಡದ ಮಹಾಮಾರಿಯಾಯಿತು. ಅದನ್ನು ಯಾರಾದರೂ ಬಹುಮಾನ ಕೊಡುವುದುಂಟೆ? ಟೋಲ್ಕೀನರು ಆ ಅಧ್ಯಾಯವನ್ನು ತಿದ್ದಿ ಬರೆದರು. ೧೯೫೧ರ ಆವೃತ್ತಿಯಲ್ಲಿ ಅದು ಅಚ್ಚಾಯಿತು. ಹಳೆಯ ಪುಸ್ತಕ ಓದಿದವರು ಏನೆಂದುಕೊಳ್ಳಬೇಕು? ಅದಕ್ಕೂ ಉಪಾಯ ಕಂಡುಹಿಡಿದರು: ಮೊದಲು ಹೇಳಿದ್ದು ಬಿಲ್ಬೊ ಹೇಳಿದ ಸುಳ್ಳು, ಉಂಗುರ ತನಗೆ ನ್ಯಾಯವಾಗಿ ಬಂತೆಂದು ತೋರಿಸಿಕೊಳ್ಳಲು ಹಾಗೆ ಹೇಳಿದ, ಉಂಗುರದ ಕೆಟ್ಟ ಪ್ರಭಾವ ಆಗಲೇ ಅವನ ಮೇಲೆ ಆಗಿತ್ತು! ಲೇಖಕರ ತೊಡಕೇ ಕಥೆಯ ಒಂದು ಸುಂದರ ಘಟನೆಯಾಗಿ ಕುಳಿತುಬಿಟ್ಟಿತು.

೧೯೫೪ರಲ್ಲಿ ಆಕ್ಸ್‌ಫರ್ಡಿನ ಪುಸ್ತಕದಂಗಡಿಯ ವ್ಯವಸ್ಥಾಪಕರೊಬ್ಬರು ಧರ್ಮಸೂಕ್ಷ್ಮದ ಕೆಲವು ಪ್ರಶ್ನೆಗಳನ್ನು ಕೇಳಿದರು. ಟೋಲ್ಕೀನರು ಪುಟಗಟ್ಟಲೆ ಉತ್ತರ ಬರೆದರು. ಕೊನೆಗೆ, ಇದು ತನ್ನನ್ನೇ ತಾನು ತೀರ ದೊಡ್ಡವನೆಂದು ಭಾವಿಸಿಕೊಂಡಂತೆ ಕಾಣುತ್ತದೆಂದು ಟಿಪ್ಪಣಿ ಹಾಕಿ, ಕಾಗದವನ್ನು ಕಳಿಸದೆ ಇಟ್ಟುಕೊಂಡರು. ಪಂಡಿತರಲ್ಲಿ ಇಂಥ ಸಂಕೋಚ ಅಪರೂಪ.

‘ಗೊತ್ತಿಲ್ಲ’ ಎಂಬ ಉತ್ತರ

ಎಲ್ಲ ಪ್ರಶ್ನೆಗೂ ಅವರಲ್ಲಿ ಉತ್ತರವಿರಲಿಲ್ಲ. ಟಾಮ್ ಬಾಂಬಡಿಲ್ ಎಂಬ ಪಾತ್ರವೊಂದಿದೆ. ಕಾಡಿನ ಅಂಚಿನಲ್ಲಿ ಹಾಡುತ್ತ ಕುಣಿಯುತ್ತ ಇರುವ ಮುದುಕ. ಜಗತ್ತನ್ನೇ ನಡುಗಿಸುವ ಆ ಉಂಗುರವನ್ನು ಅವನು ಬೆರಳಿಗೆ ತೊಟ್ಟರೆ ಅವನಿಗೇನೂ ಆಗುವುದಿಲ್ಲ. ಬೇರೆಯವರು ತೊಟ್ಟು ಮಾಯವಾದರೆ ಅವನ ಕಣ್ಣಿಗೆ ಕಾಣುತ್ತಾರೆ. ಅವನು ಯಾರು? ದೇವರೆ, ದೇವತೆಯೆ, ಭೂಮಿಯ ಆತ್ಮವೆ? ನವೋಮಿ ಮಿಚಿಸನ್ ಎಂಬ ಲೇಖಕಿಗೆ ೧೯೫೪ರಲ್ಲಿ ಬರೆದ ಕಾಗದದಲ್ಲಿ ಟೋಲ್ಕೀನರು, ಪುರಾಣಕಾಲದಲ್ಲಾದರೂ ಕೆಲವು ಒಗಟುಗಳು ಒಗಟುಗಳಾಗಿಯೇ ಉಳಿದಿರಬೇಕು, ಬಾಂಬಡಿಲ್ ಅಂಥದೊಂದು, ಬೇಕೆಂದೇ ಹಾಗಿಟ್ಟದ್ದು ಎಂಬ ಭಾವದ ಮಾತು ಹೇಳಿದ್ದಾರೆ.

ಎಂಟರ ಹೆಂಡತಿಯರ ಪ್ರಶ್ನೆ ಇನ್ನೂ ಮನಸ್ಸಿಗೆ ತಾಗುವಂಥದು. ಗಂಡಸರಾದ ಎಂಟರಿಗೆ ಕಾಡು ಪ್ರಿಯ. ಹೆಂಗಸರಿಗೆ ತೋಟ, ಹೊಲ, ಹಣ್ಣಿನ ಗಿಡಗಳು ಪ್ರಿಯ. ಹೀಗಾಗಿ ದೂರ ದೂರವಾದರು. ಯುದ್ಧವೊಂದರಲ್ಲಿ ಆ ತೋಟಗಳು ಸುಟ್ಟು ಬಯಲಾದವು; ಹೆಂಗಸರು ಎಲ್ಲಿ ಹೋದರೋ ಯಾರಿಗೂ ತಿಳಿಯದು. ಸಾವಿರಾರು ವರ್ಷದಿಂದ ಎಂಟರು ಅವರನ್ನು ಹುಡುಕುತ್ತಲೇ ಇದ್ದಾರೆ. ಕಥೆಯ ಪ್ರಾರಂಭದಲ್ಲಿ, ಹಾಬಿಟರ ಊರಿನ ಪಾನಗೃಹದಲ್ಲಿ ಕುಳಿತ ಸ್ಯಾಮ್, ತನ್ನ ದಾಯಾದಿಯೊಬ್ಬ ಬಡಗಣ ಬಯಲಿನಲ್ಲಿ ನಡೆದಾಡುವ ಮರವೊಂದನ್ನು ಕಂಡನೆಂದು ಹೇಳಿ ಎಲ್ಲರಿಂದ ನಗಿಸಿಕೊಳ್ಳುತ್ತಾನೆ. ಅಂದರೆ ಆ ಹೆಂಗಸರು ಅಲ್ಲೇ ಎಲ್ಲಾದರೂ ಬದುಕಿರಬಹುದೆ? ಅವರು ನಾಶವಾಗಿರಬೇಕೆಂದು ೧೯೫೪ರಲ್ಲಿ ಟೋಲ್ಕೀನರು ಊಹಿಸಿ ಬರೆದಿದ್ದರು. ಆದರೆ ೧೯೭೨ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಮತ್ತೊಬ್ಬರು ಅದನ್ನೇ ಕೇಳಿದಾಗ ಅವರು ಬರೆದ ಉತ್ತರ, ತಮಗೆ ಗೊತ್ತಿಲ್ಲವೆಂದು. ಮರುವರ್ಷ ತೀರಿಕೊಂಡರು.

ಓರ್ಕರ ಹುಟ್ಟಿನ ಪ್ರಶ್ನೆಯಂತೂ ಅವರನ್ನು ಬಹುಕಾಲ ಕಾಡಿತು. ಕೇಡಿಗೆ ಸ್ವಂತವಾಗಿ ಏನನ್ನೂ ಸೃಷ್ಟಿಸುವ ಶಕ್ತಿಯಿಲ್ಲ, ಇರುವುದನ್ನು ಕೆಡಿಸಬಲ್ಲದಷ್ಟೆ ಎಂಬುದು ಅವರ ನಂಬಿಕೆ. ಹಾಗಾದರೆ ಓರ್ಕರು ಯಾರನ್ನು ಕೆಡಿಸಿ ಮಾಡಿದವರು? ಎಲ್ಫರನ್ನೆಂದು ಒಮ್ಮೆ, ಮನುಷ್ಯರನ್ನೆಂದು ಒಮ್ಮೆ, ಮೃಗಗಳನ್ನೆಂದು ಒಮ್ಮೆ ಬರೆದು ನೋಡಿದರು. ಅವರು ಮೊದಲು ಒಳ್ಳೆಯವರೇ ಆಗಿದ್ದರೆಂದರೆ, ಕರುಣೆಯಿಲ್ಲದೆ ಅವರನ್ನು ಕೊಲ್ಲುವುದು ಸರಿಯೆ? ಈ ಲೆಕ್ಕ ಕೊನೆಗೂ ಇತ್ಯರ್ಥವಾಗಲಿಲ್ಲ.

ಅವರು ಬಿಟ್ಟುಹೋದ ಹಸ್ತಪ್ರತಿಗಳನ್ನು ಮಗ ಕ್ರಿಸ್ಟೋಫರ್ ಟೋಲ್ಕೀನರು ಉಳಿದ ಬದುಕೆಲ್ಲ ಕುಳಿತು ಶೋಧಿಸಿದರು. ೧೯೭೭ರಲ್ಲಿ ‘ದಿ ಸಿಲ್ಮರಿಲಿಯನ್’ ಬಂತು. ೧೯೮೩ರಿಂದ ೧೯೯೬ರವರೆಗೆ ಹನ್ನೆರಡು ಸಂಪುಟಗಳಲ್ಲಿ ಕರಡುಗಳು ಪ್ರಕಟವಾದವು. ೨೦೨೦ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ ಅವರು ತೀರಿಕೊಂಡರು. ತಂದೆಯ ಫೈಲನ್ನು ಮಗ ಇಷ್ಟು ಶ್ರದ್ಧೆಯಿಂದ ವಿಲೇವಾರಿ ಮಾಡಿದ್ದುಂಟೆ ಎಂದು ಸೋಜಿಗವಾಗುತ್ತದೆ. ಆದರೆ ಕಾಗದ ಹೆಚ್ಚಾದಷ್ಟೂ ಪ್ರಶ್ನೆಗಳು ಹೆಚ್ಚಾದವೇ ಹೊರತು ಕಡಿಮೆಯಾಗಲಿಲ್ಲ. ಅಮೆರಿಕದಲ್ಲಿ ೧೯೬೭ರಿಂದಲೂ ಇಂಗ್ಲೆಂಡಿನಲ್ಲಿ ೧೯೬೯ರಿಂದಲೂ ಈ ಓದುಗರ ಸಂಘಗಳಿವೆ. ಜನವರಿ ೩ರಂದು ಪ್ರೊಫೆಸರರ ಹುಟ್ಟುಹಬ್ಬಕ್ಕೆ ಲೋಟ ಎತ್ತುವುದು, ಸೌರಾನ್ ಬಿದ್ದ ದಿನವಾದ ಮಾರ್ಚಿ ೨೫ರಂದು ಕೂಡಿ ಓದುವುದು ಅವರಲ್ಲಿ ವಾಡಿಕೆ.

ಇದನ್ನೆಲ್ಲ ಓದುವಾಗ ನಮಗೆ ತೀರ್ಥಹಳ್ಳಿಯ ಕಡೆಯ ನಮ್ಮೂರಿನ ಮಳೆಗಾಲದ ತಾಳಮದ್ದಳೆ ನೆನಪಾಯಿತು. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕುಳಿತು ಮಾತಿನಲ್ಲೇ ಹೋರಾಡುವುದು. ‘ವಾಲಿವಧೆ’ಯ ದಿನ ವಾಲಿಯ ಪಾತ್ರಧಾರಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆಂದು ರಾಮನನ್ನು ಗಂಟೆಗಟ್ಟಲೆ ಕೇಳುತ್ತಾನೆ. ರಾಮ ಉತ್ತರ ಕೊಡಲೇಬೇಕು. ನಮ್ಮ ಅಜ್ಜ ಕಂಬಳಿ ಹೊದ್ದು ಬೆಳಗಿನವರೆಗೆ ಕೇಳಿ, ಮನೆಗೆ ಬಂದು ಮತ್ತೆ ಅದನ್ನೇ ಚರ್ಚಿಸುತ್ತಿದ್ದರು. ಅಂಥ ಅಜ್ಜನ ಮೊಮ್ಮಗನಾದ ನಾವು ಮಾಡಿದ್ದೇನು? ಮಗಳಿಗೆ ಆರು ವರ್ಷವಿದ್ದಾಗ ಅದೇ ಕಥೆ ಹೇಳುತ್ತಿದ್ದೆವು. “ರಾಮ ಯಾಕೆ ಬಚ್ಚಿಟ್ಟುಕೊಂಡ ಅಪ್ಪಾ?” ಎಂದು ಕೇಳಿದಳು. ಕಛೇರಿಯಿಂದ ದಣಿದು ಬಂದಿದ್ದೆವು. “ದೇವರ ಕಥೆಯಲ್ಲಿ ಹಾಗೆಲ್ಲ ಕೇಳಬಾರದು, ಮಲಗು” ಎಂದೆವು. ಮಲಗಿದಳು. ಆಮೇಲೆ ನಮ್ಮನ್ನು ಹೆಚ್ಚು ಕೇಳಲಿಲ್ಲ. ಎಂಬತ್ತು ವರ್ಷದ ಪ್ರೊಫೆಸರು ಗೊತ್ತಿಲ್ಲವೆಂದು ಬರೆಯಬಹುದಾದರೆ, ಅಂದು ನಾವೂ ಹೇಳಬಹುದಾಗಿತ್ತು. ಗೊತ್ತಿಲ್ಲವೆಂದರೆ ಮಾತು ಮುಂದುವರಿಯುತ್ತದೆ, ಕೇಳಬಾರದೆಂದರೆ ನಿಂತುಹೋಗುತ್ತದೆ.

ದೇಶಾಂತರ ಹೋದವರ ಮಾತು

ಕೊನೆಯ ಪ್ರಶ್ನೆ ದೀಪಾವಳಿಯ ಮುಂಚಿನ ವಾರ, ರಾತ್ರಿಯ ಊಟದ ಹೊತ್ತಿನಲ್ಲಿ ಬಂತು. ಕೇಳಿದವರು ನಾವು. ಎಲ್ಫರಿಗೆ ಎರಡು ಭಾಷೆಗಳೇಕೆ? ದಿನದ ಮಾತಿಗೆ ಸಿಂಡರಿನ್, ಹಾಡಿಗೂ ವಿಧಿಗಳಿಗೂ ಕ್ವೆನ್ಯಾ ಎಂದು ಪುಸ್ತಕದಲ್ಲಿ ಬರುತ್ತದಲ್ಲ, ಏಕೆ ಹಾಗೆ?

ಇಲ್ಲಿ ಒಂದು ಮಾತು ಹೇಳಬೇಕು. ಟೋಲ್ಕೀನರು ಕಥೆಗಾಗಿ ಭಾಷೆ ಕಟ್ಟಿದವರಲ್ಲ. ಚಿಕ್ಕಂದಿನಿಂದ ಭಾಷೆಗಳನ್ನು ಕಟ್ಟುತ್ತ, ಅವನ್ನು ಆಡುವವರು ಬೇಕೆಂದು ಕಥೆಯನ್ನು ಕಟ್ಟಿದವರು. ಫಿನ್ನಿಶ್ ಭಾಷೆಯ ಸೊಗಸಿಗೆ ಮನಸೋತು ಕ್ವೆನ್ಯಾವನ್ನೂ ವೆಲ್ಶಿನ ಧಾಟಿ ಹಿಡಿದು ಸಿಂಡರಿನನ್ನೂ ಮಾಡಿದರು. ಜನವಿಲ್ಲದೆ, ಜನಕ್ಕೊಂದು ಚರಿತ್ರೆಯಿಲ್ಲದೆ ಭಾಷೆ ಬದುಕದೆಂದು ಅವರು ತಿಳಿದಿದ್ದರು.

ಮಗಳು ತಟ್ಟೆಯ ಮುಂದೆ ಕುಳಿತೇ ವಿವರಿಸಿದಳು. ನೋಲ್ಡೋರ್ ಎಂಬ ಎಲ್ಫರು ಕಡಲಾಚೆಯ ಪುಣ್ಯಭೂಮಿಯನ್ನು ಬಿಟ್ಟು ಮಿಡ್ಲ್ ಅರ್ಥಿಗೆ ಬಂದರು. ಬರುವಾಗ ಹಡಗುಗಳಿಗಾಗಿ ತಮ್ಮವರನ್ನೇ ಕೊಂದರು. ಸತ್ತವರು ಇಲ್ಲಿಯ ರಾಜ ಥಿಂಗೋಲನ ಬಳಗ. ಅದು ತಿಳಿದ ದಿನ ಅವನು, ಕೊಂದವರ ಭಾಷೆಯಾದ ಕ್ವೆನ್ಯಾ ತನ್ನ ನಾಡಿನಲ್ಲಿ ಕೇಳಿಸಕೂಡದೆಂದು ನಿಷೇಧ ಹಾಕಿದ. ಬಂದವರು ಇಲ್ಲಿಯ ಮಾತನ್ನೇ ಆಡತೊಡಗಿದರು. ಅವರ ತಾಯ್ನುಡಿ ಶಾಸ್ತ್ರಕ್ಕೆ, ಹಾಡಿಗೆ, ಪಟ್ಟಾಭಿಷೇಕಕ್ಕೆ ಮಾತ್ರ ಉಳಿಯಿತು.

ಇಷ್ಟು ಹೇಳಿ ಅವಳು ಸಾರು ಬಡಿಸಿಕೊಂಡಳು. ನಮಗೆ ಮಾತ್ರ ತುತ್ತು ಗಂಟಲಲ್ಲೇ ನಿಂತಿತು. ನಮ್ಮ ಮನೆಯವರ ಕಡೆ ನೋಡಿದೆವು. ಅವರೂ ನಮ್ಮನ್ನು ನೋಡುತ್ತಿದ್ದರು. ಮಗಳು ಒಂದನೆಯ ತರಗತಿಗೆ ಸೇರಿದ ವರ್ಷ, ಇಂಗ್ಲಿಷಿಗೂ ಹಿಂದಿಗೂ ತೊಡಕಾಗಬಾರದೆಂದು ಮನೆಯಲ್ಲಿ ಕನ್ನಡವನ್ನು ಸ್ವಲ್ಪ ಕಾಲ ನಿಲ್ಲಿಸೋಣವೆಂದು ನಿಶ್ಚಯಿಸಿದವರು ನಾವಿಬ್ಬರೇ. ಸ್ವಲ್ಪ ಕಾಲವೆಂದದ್ದು ಎರಡು ವರ್ಷವಾಯಿತು. ಮುಂಬಯಿ ನಮ್ಮ ಮೇಲೆ ಯಾವ ನಿಷೇಧವನ್ನೂ ಹಾಕಿರಲಿಲ್ಲ. ನಾವು ಯಾರನ್ನೂ ಕೊಂದು ಬಂದವರಲ್ಲ, ಹೊಟ್ಟೆಪಾಡಿಗೆ ಬಂದವರು. ನಮಗೆ ಥಿಂಗೋಲ್ ಬೇಕಾಗಲಿಲ್ಲ. ಆಜ್ಞೆ ಬರೆದವರೂ ನಾವೇ, ರುಜು ಹಾಕಿದವರೂ ನಾವೇ.

ಹಾಗೆ ಬಂದವರಲ್ಲೊಬ್ಬಳು ಗಲಾಡ್ರಿಯೆಲ್. ಸಾವಿರಾರು ವರ್ಷ ಪರಸ್ಥಳದಲ್ಲಿ ಬಾಳಿ, ಕಾಡಿನ ನಡುವೆ ರಾಣಿಯಂತಿದ್ದವಳು. ಫ್ರೋಡೊವಿನ ಬಳಗವನ್ನು ದೋಣಿಯಲ್ಲಿ ಕಳಿಸಿಕೊಡುವಾಗ ಅವಳು ಒಂದು ಹಾಡು ಹಾಡುತ್ತಾಳೆ. ಅದು ದಿನದ ಮಾತಿನಲ್ಲಿಲ್ಲ. ಕಡಲಾಚೆಯ ತನ್ನ ಹಳೆಯ ಮಾತಿನಲ್ಲಿದೆ. ಇಡೀ ಗ್ರಂಥದಲ್ಲಿ ಕ್ವೆನ್ಯಾ ಭಾಷೆಯ ಅತಿ ದೀರ್ಘವಾದ ತುಣುಕು ಅದೇ. ಫ್ರೋಡೊವಿಗೆ ಆ ಹಾಡು ಅರ್ಥವಾಗುವುದಿಲ್ಲ. ಆದರೆ ಶಬ್ದಗಳು ಮನಸ್ಸಿನಲ್ಲಿ ಅಚ್ಚೊತ್ತಿ ನಿಲ್ಲುತ್ತವೆ. ಬಹುಕಾಲದ ಮೇಲೆ ತನಗೆ ತಿಳಿದಮಟ್ಟಿಗೆ ಅವನು ಅವುಗಳ ಅರ್ಥ ಮಾಡಿಕೊಳ್ಳುತ್ತಾನೆ. ಈ ಭಾಗವನ್ನು ನಾವು ರೈಲಿನಲ್ಲಿ ಓದಿದ್ದೆವು. ಅಂದು ಬೇಗ ಪುಟ ಮಗುಚಿದ್ದೆವು. ಅದು ನಮ್ಮ ಮನೆಯ ಮಾತೂ ಹೌದೆಂದು ಈಗ ತಿಳಿಯಿತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಗಳು ತಾನಾಗಿಯೇ, ಬಹಳ ದಿನದ ಮೇಲೆ ಕನ್ನಡದಲ್ಲಿ, ತಡವರಿಸುತ್ತ ಕೇಳಿದಳು: “ಅಪ್ಪಾ, ಅಜ್ಜಿ ತೊಟ್ಟಿಲ ಹಾಡು ಹಾಡ್ತಿದ್ರಲ್ಲ, ಅದು ನಂಗೆ ಪೂರಾ ಬರುತ್ತೆ. ಅದ್ರಲ್ಲಿ ಹೊಂಬಾಳೆ ಅಂತ ಬರುತ್ತೆ. ಅಂದ್ರೆ ಚಿನ್ನದ ಬಳೆಯಾ?”

ಅಜ್ಜಿ ಇಲ್ಲಿದ್ದದ್ದು ಅವಳ ಮೂರನೆಯ ವರ್ಷದವರೆಗೆ ಮಾತ್ರ. ನಮ್ಮ ನಿಷೇಧ ಆ ಹಾಡಿಗೆ ತಾಗಿರಲಿಲ್ಲ!

“ಅಲ್ಲಮ್ಮ, ಅಡಿಕೆ ಮರದ ಹೂವಿನ ಗೊನೆ” ಎಂದೆವು, ಮಲೆನಾಡಿನವರೆಂಬ ಜಂಬದಿಂದ. “ಅದು ಹಿಂಗಾರ ಅಲ್ಲೇನ್ರಿ?” ಎಂದರು ನಮ್ಮ ಮನೆಯವರು. “ಹೊಂಬಾಳಿ ಅಂದ್ರ ಹೂವಿನ ಮ್ಯಾಲಿನ ಪೊರಿ ಇರಬೇಕು.” ಹೂವೋ ಹೂವನ್ನು ಮುಚ್ಚಿದ ಪೊರೆಯೋ? ಮನೆಯಲ್ಲಿ ಎರಡು ಪಕ್ಷವಾಯಿತು. ಎರಡೂ ಪಕ್ಷದ ವಾದಗಳನ್ನು ಕೇಳಿದ ಮಗಳು, ಮೆಟ್ಟಿಲಿನ ಪಂಚಾಯಿತಿಯ ಅನುಭವದಿಂದ, “ಪ್ರಮಾಣ ಬೇಕು” ಎಂದು ತೀರ್ಪು ಕೊಟ್ಟಳು. ಇದಕ್ಕೆ ಪ್ರಮಾಣಗ್ರಂಥ ನಮ್ಮ ತಾಯಿಯವರೇ. ಅಷ್ಟು ಹೊತ್ತಿನಲ್ಲಿ ಊರಿಗೆ ಫೋನು ಹಚ್ಚಿದೆವು. ಮಗಳು ತಾನೇ ಕೇಳುವೆನೆಂದು ಕೈಯಿಂದ ಕಸಿದುಕೊಂಡಳು.

ಅಜ್ಜಿ ಎಲ್ಲವನ್ನೂ ಕೇಳಿ ನಕ್ಕರು. “ನಿನ್ನ ಅಪ್ಪನೂ ಸರಿ, ಅಮ್ಮನೂ ಸರಿ ಮಗಾ. ಕೆಲವರು ಹಾಗಂತಾರೆ, ಕೆಲವರು ಹೀಗಂತಾರೆ. ಫೋನಿನಲ್ಲಿ ಹೊಂಬಾಳೆ ಹೇಗೆ ತೋರಿಸಲಿ? ಬೇಸಿಗೆ ರಜಕ್ಕೆ ಬಾ, ಮರದ ಕೆಳಗೆ ನಿಂತು ನೀನೇ ನೋಡಿ ಹೇಳು” ಎಂದರು.

ಬೇಸಿಗೆಗೆ ಹೋಗಿಬಂದೆವು. ತೋಟದಲ್ಲಿ ನಿಂತು ನೋಡಿದ ಮೇಲೆ ಅವಳು ಕೊಟ್ಟ ತೀರ್ಪು ನಮ್ಮ ಮನೆಯವರ ಪರವಾಗಿತ್ತು. ಅದನ್ನು ನಾವು ಇನ್ನೂ ಒಪ್ಪಿಲ್ಲ. ಬಾಲ್ರಾಗಿನ ರೆಕ್ಕೆಯ ವ್ಯಾಜ್ಯವೂ ಮೆಟ್ಟಿಲ ಮೇಲೆ ನಡೆದೇ ಇದೆ. ಅದರಲ್ಲಿ ಮಾತ್ರ ನಾವು ಮಗಳ ಪಕ್ಷ.